ಮೋಟಾರ್‌ಹೋಮ್ ಚಾಸಿಯ ಕಾರುವಾಹಕ

ಮೋಟಾರ್‌ಹೋಮ್ ಚಾಸಿಯ ಕಾರುವಾಹಕ ಎಂಬುದು ಹಳೆಯ ಮೋಟಾರ್‌ಹೋಮ್‌ನ ವಾಸದ ಭಾಗವನ್ನು ತೆಗೆದುಹಾಕಿ, ಉಳಿದ ಚಾಸಿಯ ಮುಂಭಾಗಕ್ಕೆ ಹಳೆಯ ವ್ಯಾನ್ ಒಂದರ ಕ್ಯಾಬಿನ್ನನ್ನೂ ಹಿಂಭಾಗಕ್ಕೆ ಕಾರು ನಿಲ್ಲಿಸುವ ಹಾಸನ್ನೂ ಜೋಡಿಸಿ ಸಿದ್ಧಪಡಿಸುವ ವಾಹನ. ಇದು ಯಾವ ಕಾರ್ಖಾನೆಯೂ ಸರಣಿಯಾಗಿ ತಯಾರಿಸುವ ವಾಹನವಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹವ್ಯಾಸಿ ಕಾರ್ ಪಂದ್ಯಗಳಲ್ಲಿ ಭಾಗವಹಿಸುವವರು ಮತ್ತು ಹಳೆಯ ಕಾರುಗಳ ಸಂಗ್ರಾಹಕರು ತಮ್ಮ ಅಗತ್ಯಕ್ಕೆ ತಕ್ಕಂತೆ ಇಂಥ ವಾಹನಗಳನ್ನು ಕಟ್ಟಿಕೊಳ್ಳುತ್ತಾರೆ. ಇಂಥ ನಿರ್ಮಾಣಕ್ಕೆ ವಿಶೇಷವಾಗಿ ಒದಗುವ ಚಾಸಿಯೆಂದರೆ ಜನರಲ್ ಮೋಟಾರ್ಸ್ ಸಂಸ್ಥೆಯು 1973ರಿಂದ 1978ರವರೆಗೆ ತಯಾರಿಸಿದ ಜಿಎಂಸಿ ಮೋಟಾರ್‌ಹೋಮ್‌ನದು. ಮುಂಚಕ್ರ ಚಾಲನೆ ಮತ್ತು ನೆಲಕ್ಕೆ ಸಮೀಪವಾದ ತಳಭಾಗ ಇದಕ್ಕೆ ಕಾರಣಗಳು.

ಹಿನ್ನೆಲೆ

ಪಂದ್ಯದ ಕಾರನ್ನು ಊರಿಂದೂರಿಗೆ ಒಯ್ಯುವ ವಾಹನವೂ ಪಂದ್ಯದ ಕಾರಿನಷ್ಟೇ ಖ್ಯಾತಿ ಪಡೆದ ಉದಾಹರಣೆಗಳು ಇತಿಹಾಸದಲ್ಲಿವೆ. ಅವುಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಮರ್ಸಿಡಿಸ್-ಬೆಂಜ್ ಸಂಸ್ಥೆಯ ‘ನೀಲಿ ಅದ್ಭುತ’ ಎಂಬ ಅಡ್ಡಹೆಸರಿನ ವಾಹನ. ಸಂಸ್ಥೆಯ ಪಂದ್ಯ ವಿಭಾಗಕ್ಕಾಗಿ 300 ಎಸ್ ಕಾರಿನ ಚಾಸಿಯನ್ನು ಆಧರಿಸಿ ಕಟ್ಟಿದ ಈ ವಾಹನಕ್ಕೆ 300 ಎಸ್‌ಎಲ್ ಕ್ರೀಡಾಕಾರಿನ ಎಂಜಿನ್ ಅಳವಡಿಸಲಾಗಿತ್ತು. ಬಾಗಿಲು ಮೊದಲಾದ ಭಾಗಗಳನ್ನು ಸಾಮಾನ್ಯ 180 ಮಾದರಿಯಿಂದ ತೆಗೆದುಕೊಳ್ಳಲಾಗಿತ್ತು. ಬೆನ್ನ ಮೇಲೆ ಪಂದ್ಯದ ಕಾರನ್ನು ಹೊತ್ತು ಗಂಟೆಗೆ ಸುಮಾರು 170 ಕಿಲೋಮೀಟರ್ ವೇಗದಲ್ಲಿ ಅದು ಓಡಬಲ್ಲುದಾಗಿತ್ತು. 1955ರಲ್ಲಿ ಸೇವೆಗೆ ಬಂದ ಈ ವಾಹನ, ಅದೇ ವರ್ಷದ ಕೊನೆಗೆ ಸಂಸ್ಥೆಯು ಪಂದ್ಯಗಳಿಂದ ಹಿಂದೆ ಸರಿದುದರಿಂದ ತನ್ನ ಮುಖ್ಯ ಕೆಲಸವನ್ನು ಕಳೆದುಕೊಂಡಿತು. 1967ರಲ್ಲಿ ಅದನ್ನು ಗುಜರಿಗೆ ಹಾಕಲಾಯಿತು. ಇಂದು ಪ್ರದರ್ಶನದಲ್ಲಿರುವುದು 2001ರಲ್ಲಿ ಪೂರ್ಣಗೊಂಡ ಮರುನಿರ್ಮಾಣ. ಬೇರೆಬೇರೆ ವಾಹನಗಳ ಅಂಗಗಳನ್ನು ಕೂಡಿಸಿ ಹೊಸದೊಂದನ್ನು ಕಟ್ಟುವ ಕ್ರಮ, ಅಂದರೆ ಈ ಲೇಖನದ ವಿಷಯ, ಇಲ್ಲಿಯೇ ಪೂರ್ಣವಾಗಿ ಕಾಣಿಸಿಕೊಂಡಿದೆ ಎನ್ನಬಹುದು.

ಈ ವಾಹನದಿಂದ ಪ್ರಭಾವಿತನಾದ ಕ್ಯಾಲಿಫೋರ್ನಿಯಾದ ನಾರ್ಮ್ ಹೋಲ್ಟ್‌ಕ್ಯಾಂಪ್ 1960ರ ದಶಕದಲ್ಲಿ ‘ಚೀತಾ’ ಎಂಬ ಕಾರುವಾಹಕದ ನಿರ್ಮಾಣಕ್ಕೆ ತೊಡಗಿದನು. ಅದರ ಕ್ಯಾಬಿನ್ 1960ರ ಷೆವರ್ಲೆ ಎಲ್ ಕಮೀನೊ ವಾಹನದ್ದು. ಮುಂದೆ ಅದು ಬಿಡಿಭಾಗಗಳ ಉದ್ಯಮಿ ಡೀನ್ ಮೂನ್‌ನ ಕೈಸೇರಿತು. ಇಟಲಿಯಲ್ಲಿ ಬಾರ್ತೊಲೆತ್ತಿ ಸಂಸ್ಥೆಯು ಫಿಯಟ್ ಬಸ್ಸಿನ ಚಾಸಿಯ ಮೇಲೆ ಮಸೆರಾಟಿ ತಂಡಕ್ಕೆ ಕಟ್ಟಿಕೊಟ್ಟ ವಾಹನ ಮುಂದೆ ಹಲವು ತಂಡಗಳ ಕೈಬದಲಾಗಿ, ‘ಲಮಾನ್’ (1971) ಚಲನಚಿತ್ರದಲ್ಲಿಯೂ ಕಾಣಿಸಿಕೊಂಡಿತು. ಸ್ಕಾಟ್ಲೆಂಡಿನ ಎಕ್ಯೂರಿ ಎಕೋಸ್ ತಂಡದ ಕಾಮರ್ ವಾಹನದ ಆಟಿಕೆ ಮಾದರಿಯನ್ನು ಕಾರ್ಗಿ ಸಂಸ್ಥೆ ಮಾರಾಟ ಮಾಡಿದ್ದರಿಂದ, ಪಂದ್ಯವನ್ನೇ ನೋಡದ ಮಕ್ಕಳಿಗೂ ಅದರ ಪರಿಚಯವಿತ್ತು. ಆ ನಿಜವಾಹನ 2013ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 18 ಲಕ್ಷ ಪೌಂಡ್ ಬೆಲೆಗೆ ಮಾರಾಟವಾಯಿತು.

ಇವೆಲ್ಲ ಹಣವಂತ ತಂಡಗಳ ಮಾತು. ಸಾಮಾನ್ಯ ಹವ್ಯಾಸಿಗೆ ಇದ್ದ ದಾರಿಗಳು ಎರಡು: ಕಾರನ್ನು ಟ್ರೇಲರ್ ಮೇಲೆ ಎಳೆದೊಯ್ಯುವುದು, ಇಲ್ಲವೆ ಡಾಜ್ ಡಿ300 ಮುಂತಾದ ಟ್ರಕ್‌ಗಳ ಹಿಂಭಾಗಕ್ಕೆ ಓರೆಯಾದ ಹಾಸನ್ನು ಜೋಡಿಸಿದ ರ‍್ಯಾಂಪ್ ಟ್ರಕ್. ಟ್ರೇಲರ್ ಅಗ್ಗವಾದರೂ ಉದ್ದವಾದುದು. ಹಿಂದಕ್ಕೆ ಚಲಾಯಿಸುವುದು ಅಭ್ಯಾಸವಿಲ್ಲದವರಿಗೆ ಕಷ್ಟ, ಭಾರ ಹಿಂಬದಿಗೆ ಬಿದ್ದರೆ ವೇಗದಲ್ಲಿ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ರ‍್ಯಾಂಪ್ ಟ್ರಕ್‌ನಲ್ಲಿ ಕಾರು ಎತ್ತರದಲ್ಲಿ ನಿಲ್ಲುವುದರಿಂದ ಗುರುತ್ವಕೇಂದ್ರವೂ ಮೇಲೇರುತ್ತದೆ. ತಗ್ಗಾದ ಮೋಟಾರ್‌ಹೋಮ್ ಚಾಸಿ ಈ ಎರಡರ ದೋಷಗಳನ್ನೂ ಬಹುಮಟ್ಟಿಗೆ ತಪ್ಪಿಸುತ್ತದೆ. ಜೊತೆಗೆ ಹಳೆಯ ಮೋಟಾರ್‌ಹೋಮ್‌ಗಳಲ್ಲಿ ಮೊದಲು ಹಾಳಾಗುವುದು ಮನೆಯ ಭಾಗ. ನೀರು ಸೋರಿ ನೆಲಹಾಸು ಕೊಳೆತು, ಒಳಗಿನ ಸಜ್ಜು ಶಿಥಿಲವಾದಾಗಲೂ ಎಂಜಿನ್ ಮತ್ತು ಚಾಸಿ ಇನ್ನೂ ದುಡಿಯುವ ಸ್ಥಿತಿಯಲ್ಲಿರುತ್ತವೆ. ಅಂಥ ವಾಹನವನ್ನು ಮತ್ತೆ ಮನೆಯಾಗಿಸುವುದಕ್ಕಿಂತ ಕಾರುವಾಹಕವಾಗಿಸುವುದು ಕಡಿಮೆ ವೆಚ್ಚದ್ದಾಗಬಹುದು.

ಜಿಎಂಸಿ ಚಾಸಿಯ ರಚನೆ

ಜಿಎಂಸಿ ಮೋಟಾರ್‌ಹೋಮ್ ಮಿಷಿಗನ್ ರಾಜ್ಯದ ಪಾಂಟಿಯಾಕ್ ನಗರದಲ್ಲಿ ತಯಾರಾಗುತ್ತಿತ್ತು. ಒಟ್ಟು ತಯಾರಾದವು ಸುಮಾರು 12,900. ಉದ್ದದಲ್ಲಿ 23 ಅಡಿ ಮತ್ತು 26 ಅಡಿಗಳ ಎರಡು ಬಗೆಗಳಿದ್ದವು. ಒಳಸಜ್ಜಿಲ್ಲದ ಬರಿಯ ಕವಚವನ್ನೂ ಟ್ರಾನ್ಸ್‌ಮೋಡ್ ಎಂಬ ಹೆಸರಿನಲ್ಲಿ ಮಾರಲಾಗುತ್ತಿತ್ತು. ಅದನ್ನು ಕೊಂಡವರು ಆಂಬುಲೆನ್ಸ್ ಮುಂತಾದ ಉಪಯೋಗಗಳಿಗೆ ಮಾರ್ಪಡಿಸುತ್ತಿದ್ದರು. ಆದ್ದರಿಂದ ಈ ವಾಹನಕ್ಕೆ ಬೇರೊಂದು ರೂಪ ಕೊಡುವುದು ಅದರ ಹುಟ್ಟಿನಿಂದಲೇ ಬಂದ ರೂಢಿ.

ಎಂಜಿನ್ ಮತ್ತು ಗೇರುಪೆಟ್ಟಿಗೆ 1966ರಲ್ಲಿ ಮಾರುಕಟ್ಟೆಗೆ ಬಂದ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನ ವಂಶಕ್ಕೆ ಸೇರಿದವು. ಆರಂಭದಲ್ಲಿ 455 ಘನ ಇಂಚಿನ, ಅಂದರೆ ಸುಮಾರು 7.5 ಲೀಟರ್‌ನ ವಿ8 ಎಂಜಿನ್ ಬಳಕೆಯಲ್ಲಿತ್ತು. ಕೊನೆಯ ವರ್ಷಗಳಲ್ಲಿ 403 ಘನ ಇಂಚಿನ, 6.6 ಲೀಟರ್‌ನ ಎಂಜಿನ್ ಬಂದಿತು. ಎಂಜಿನ್ ಉದ್ದುದ್ದವಾಗಿ ಕೂರುತ್ತದೆ. ಅದರ ಹಿಂತುದಿಯಿಂದ ಹೊರಟ ಶಕ್ತಿಯನ್ನು ಅಗಲವಾದ ಸರಪಳಿಯೊಂದು ಪಕ್ಕಕ್ಕೆ ತಿರುಗಿಸುತ್ತದೆ, ಎಂಜಿನ್ನಿನ ಮಗ್ಗುಲಲ್ಲಿಯೇ ಮುಂದಕ್ಕೆ ಮುಖಮಾಡಿ ಮಲಗಿರುವ ಟರ್ಬೊ-ಹೈಡ್ರಮ್ಯಾಟಿಕ್ 425 ಸ್ವಯಂಚಾಲಿತ ಗೇರುಪೆಟ್ಟಿಗೆ ಅದನ್ನು ಪಡೆದು ಮುಂಚಕ್ರಗಳಿಗೆ ಒಪ್ಪಿಸುತ್ತದೆ. ಹೀಗಾಗಿ ಶಕ್ತಿಯ ಸರಣಿ ಮುಂಭಾಗದಲ್ಲಿಯೇ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಹಿಂದಕ್ಕೆ ಹೋಗುವ ಪ್ರೊಪೆಲರ್ ಶಾಫ್ಟ್ ಇಲ್ಲ, ಹಿಂದೆ ಡಿಫರೆನ್ಷಿಯಲ್ ಇಲ್ಲ, ಅಡ್ಡಲಾಗಿ ಹಾಯುವ ಹಿಂದಿನ ಆಕ್ಸಲ್ ಕೂಡ ಇಲ್ಲ.

ಹಿಂಭಾಗದಲ್ಲಿ ಪ್ರತಿ ಮಗ್ಗುಲಿಗೂ ಒಂದರ ಹಿಂದೊಂದರಂತೆ ಎರಡು ಚಕ್ರಗಳಿವೆ. ಮುಂದಿನ ಚಕ್ರ ಮುಂದಕ್ಕೆ ಚಾಚಿದ ತೋಳಿನ ಮೇಲೂ ಹಿಂದಿನದು ಹಿಂದಕ್ಕೆ ಚಾಚಿದ ತೋಳಿನ ಮೇಲೂ ತಿರುಗುತ್ತವೆ. ಎರಡೂ ತೋಳುಗಳ ನಡುವೆ ಗಾಳಿಚೀಲವೊಂದು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಚೀಲದ ಗಾಳಿಯನ್ನು ಹೆಚ್ಚಿಸಿ ಕಡಿಮೆಮಾಡಿ ವಾಹನದ ಹಿಂಭಾಗವನ್ನು ಎತ್ತಬಹುದು, ಇಳಿಸಬಹುದು. ಮೂಲದಲ್ಲಿ ಇದು ವಾಹನವನ್ನು ತಂಗುವ ಸ್ಥಳದಲ್ಲಿ ಮಟ್ಟಸವಾಗಿ ನಿಲ್ಲಿಸುವುದಕ್ಕೆ ಮಾಡಿದ ಏರ್ಪಾಡು. ಕಾರುವಾಹಕ ಕಟ್ಟುವವನಿಗೆ ಇದೊಂದು ವರ. ಕಾರು ಹತ್ತಿಸುವಾಗ ಗಾಳಿ ಬಿಟ್ಟು ಬಾಲವನ್ನು ತಗ್ಗಿಸಬಹುದು, ಹತ್ತಿಸಿದ ಮೇಲೆ ಗಾಳಿ ತುಂಬಿ ಭಾರದಿಂದ ಕುಸಿದ ಹಿಂಭಾಗವನ್ನು ಮಟ್ಟಕ್ಕೆ ತರಬಹುದು.

ಮೂಲ ಮೋಟಾರ್‌ಹೋಮ್‌ನ ನೆಲಹಾಸು ರಸ್ತೆಯಿಂದ ಸುಮಾರು 14 ಇಂಚು ಎತ್ತರದಲ್ಲಿತ್ತು. ಆದರೆ ಈ ಅಂಕಿಯನ್ನು ನೋಡಿ ಹಿಗ್ಗುವ ಮುನ್ನ ಹಿಂಚಕ್ರಗಳನ್ನೂ ನೋಡಬೇಕು. ಸಾಮಾನ್ಯ ಗಾತ್ರದ ಟಯರಿನ ವ್ಯಾಸವೇ ಸುಮಾರು 74 ಸೆಂಟಿಮೀಟರ್. ಹಾಸನ್ನು ಎರಡು ಮಗ್ಗುಲಿನ ಚಕ್ರಗಳ ನಡುವೆ ಇಳಿಸಿದರೆ ಕಿರಿದಾದ ಕಾರು ಮಾತ್ರ ಹಿಡಿಸುತ್ತದೆ. 1.41 ಮೀಟರ್ ಅಗಲದ ಹಳೆಯ ಮಿನಿ ಕಾರಿಗೂ ಅಗಲವಾದ ಅಮೆರಿಕನ್ ಕಾರಿಗೂ ಇಲ್ಲಿ ಒಂದೇ ಉತ್ತರವಿರುವುದಿಲ್ಲ. ಅಗಲವಾದ ಕಾರನ್ನು ಒಯ್ಯಬೇಕೆಂದರೆ ಹಾಸು ಚಕ್ರಗಳ ಮೇಲೆ ಹಾಯಬೇಕು, ಚಕ್ರಗಳು ಮೇಲೆ ಕೆಳಗೆ ಆಡಲು ಜಾಗವನ್ನೂ ಬಿಡಬೇಕು. ಎತ್ತರ ಆಗ 85 ಸೆಂಟಿಮೀಟರ್ ದಾಟುತ್ತದೆ. ಯಾವ ಕಾರನ್ನು ಒಯ್ಯಬೇಕು ಎಂಬುದನ್ನು ನಿಶ್ಚಯಿಸಿದ ಮೇಲೆಯೇ ಯಾವ ವಾಹನ ಕಟ್ಟಬೇಕೆಂಬುದನ್ನು ನಿಶ್ಚಯಿಸಬೇಕಾಗುತ್ತದೆ.

ಭಾರದ ಹಂಚಿಕೆ

ಇಡೀ ನಿರ್ಮಾಣದಲ್ಲಿ ಸುರಕ್ಷತೆ ಹೆಚ್ಚಾಗಿ ಅವಲಂಬಿಸಿರುವುದು ಈ ವಿಷಯದ ಮೇಲೆ. ಬೆಸುಗೆ ಅಂದಗೆಟ್ಟರೆ ತಿದ್ದಬಹುದು, ಬಣ್ಣ ಕೆಟ್ಟರೆ ಮತ್ತೆ ಬಳಿಯಬಹುದು. ಆದರೆ ಭಾರದ ಲೆಕ್ಕ ತಪ್ಪಿದ ವಾಹನ ಒದ್ದೆ ರಸ್ತೆಯಲ್ಲಿ ಚಾಲಕನ ಮಾತು ಕೇಳುವುದಿಲ್ಲ. ಮುಂಚಕ್ರ ಚಾಲನೆಯ ವಾಹನದಲ್ಲಿ ಎಳೆಯುವ ಕೆಲಸವೂ ತಿರುಗಿಸುವ ಕೆಲಸವೂ ತಡೆಯುವ ಕೆಲಸದ ದೊಡ್ಡ ಪಾಲೂ ಮುಂಚಕ್ರಗಳದೇ. ಅವು ರಸ್ತೆಯನ್ನು ಒತ್ತುವ ಭಾರ ಕಡಿಮೆಯಾದಂತೆಲ್ಲ ಮೂರು ಕೆಲಸಗಳೂ ಸಡಿಲವಾಗುತ್ತವೆ.

ಇದನ್ನು ತಕ್ಕಡಿಯ ನಿಯಮದಿಂದಲೇ ಲೆಕ್ಕಹಾಕಬಹುದು. 26 ಅಡಿಯ ಜಿಎಂಸಿಯಲ್ಲಿ ಮುಂಚಕ್ರದ ನಡುವಿನಿಂದ ಹಿಂದಿನ ಜೋಡಿಚಕ್ರಗಳ ಮಧ್ಯಬಿಂದುವಿನವರೆಗಿನ ದೂರ, ಅಂದರೆ ವೀಲ್‌ಬೇಸ್, 160 ಇಂಚು ಅಥವಾ 4.06 ಮೀಟರ್. ಒಯ್ಯಬೇಕಾದ ಕಾರು 1,200 ಕಿಲೋಗ್ರಾಂ ಇದೆಯೆಂದಿಟ್ಟುಕೊಳ್ಳೋಣ. ಕಾರಿನ ಗುರುತ್ವಕೇಂದ್ರ ಜೋಡಿಚಕ್ರಗಳ ಮಧ್ಯಬಿಂದುವಿಗೆ ನೇರವಾಗಿ ಬಂದರೆ ಅದರ ಪೂರ್ತಿ ಭಾರ ಹಿಂಚಕ್ರಗಳ ಮೇಲೆ ಬೀಳುತ್ತದೆ, ಮುಂಚಕ್ರಗಳ ಭಾರ ಬದಲಾಗುವುದಿಲ್ಲ. ಕೇಂದ್ರ 1 ಮೀಟರ್ ಮುಂದಕ್ಕೆ ಸರಿದರೆ 1,200ನ್ನು 4.06ರಿಂದ ಭಾಗಿಸಿದಾಗ ಬರುವ ಸುಮಾರು 296 ಕಿಲೋಗ್ರಾಂ ಭಾರ ಮುಂಚಕ್ರಗಳಿಗೆ ಸೇರುತ್ತದೆ. ಅದೇ ಕೇಂದ್ರ ಅರ್ಧ ಮೀಟರ್ ಹಿಂದಕ್ಕೆ ಹೋದರೆ ಮುಂಚಕ್ರಗಳಿಂದ ಸುಮಾರು 148 ಕಿಲೋಗ್ರಾಂ ಕಳೆದುಹೋಗುತ್ತದೆ. ಏರುದಾರಿಯಲ್ಲಿ ಭಾರ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಪಂದ್ಯದ ಮೈದಾನಗಳಲ್ಲಿ ವಾಹನ ನಿಲ್ಲಿಸುವ ಜಾಗ ಅನೇಕ ಕಡೆ ಹುಲ್ಲುನೆಲವಾಗಿರುತ್ತದೆ; ಮುಂಭಾಗ ಹಗುರಾದ ವಾಹನ ಮಳೆಯ ದಿನ ಅಲ್ಲಿಂದ ಹೊರಬರಲಾರದೆ ಚಕ್ರ ತಿರುಗಿಸುತ್ತ ನಿಂತುಬಿಡುತ್ತದೆ.

ಆದ್ದರಿಂದ ಹಾಸನ್ನು ಕ್ಯಾಬಿನ್ನಿಗೆ ಸಾಧ್ಯವಾದಷ್ಟು ಸಮೀಪಕ್ಕೆ ತರುವುದು, ಹಿಂದಕ್ಕೆ ಚಾಚುವ ಭಾಗವನ್ನು ಮೊಟಕುಗೊಳಿಸುವುದು ಈ ವಿನ್ಯಾಸದ ಮೊದಲ ಸೂತ್ರ. ಮೋಟಾರ್‌ಹೋಮ್‌ನ ಅಡುಗೆಮನೆ, ಸ್ನಾನಗೃಹ, ನೀರಿನ ತೊಟ್ಟಿಗಳನ್ನು ಕಿತ್ತುಹಾಕಿದಾಗ ಮೂಲದ ಸಮತೋಲವೂ ಅವುಗಳೊಂದಿಗೆ ಹೋಗಿರುತ್ತದೆ ಎಂಬುದನ್ನು ಮರೆಯಲಾಗದು. ವಿಂಚ್, ಬ್ಯಾಟರಿ, ಸಲಕರಣೆಗಳ ಪೆಟ್ಟಿಗೆ, ಬದಲಿ ಚಕ್ರ ಇವೆಲ್ಲವನ್ನೂ ಹಾಸಿನ ಮುಂತುದಿಗೆ ಸೇರಿಸುವುದು ವಾಡಿಕೆ. ಎಂಜಿನ್ ಮುಂದಿರುವ ಕಾರನ್ನು ಮುಖ ಮುಂದಾಗಿ ಹತ್ತಿಸಬೇಕು. ಫೋಕ್ಸ್‌ವ್ಯಾಗನ್ ಬೀಟಲ್, ಪೋರ್ಷೆ 911 ಮುಂತಾಗಿ ಎಂಜಿನ್ ಹಿಂದಿರುವ ಕಾರುಗಳನ್ನು ಹಿಮ್ಮುಖವಾಗಿ ಹತ್ತಿಸುವುದು ಮೇಲು.

ಒಟ್ಟು ಭಾರದ ಲೆಕ್ಕ ಇದರಿಂದ ಬೇರೆಯಾದುದು. ಜಿಎಂಸಿ ಚಾಸಿಗೆ ತಯಾರಕರು ನಿಗದಿಪಡಿಸಿದ ಒಟ್ಟು ತೂಕದ ಮಿತಿ ವರ್ಷ ಮತ್ತು ಮಾದರಿಗೆ ಅನುಸಾರವಾಗಿ ಸುಮಾರು 10,500ರಿಂದ 12,500 ಪೌಂಡ್, ಅಂದರೆ 4,760ರಿಂದ 5,670 ಕಿಲೋಗ್ರಾಂ. ಆ ಚಾಸಿಯ ಮೇಲಿನ ಫಲಕದಲ್ಲಿ ಮುದ್ರಿತವಾದ ಅಂಕಿಯೇ ಅಂತಿಮ. ವಾಹನ, ಕಾರು, ಇಂಧನ, ಪ್ರಯಾಣಿಕರು, ಬದಲಿ ಟಯರುಗಳು ಎಲ್ಲವೂ ಅದರೊಳಗೆ ಅಡಕವಾಗಬೇಕು. ಮೂಲ ವಾಹನದ 50 ಗ್ಯಾಲನ್ ಇಂಧನವೊಂದೇ ಸುಮಾರು 140 ಕಿಲೋಗ್ರಾಂ ತೂಗುತ್ತದೆ. ಟಯರುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಮೂಲದಲ್ಲಿದ್ದ 16.5 ಇಂಚಿನ ರಿಮ್‌ಗಳಿಗೆ ಟಯರು ದೊರೆಯುವುದು ಈಗ ದುರ್ಲಭವಾದ್ದರಿಂದ 16 ಇಂಚಿನ ರಿಮ್ ಹಾಕುವುದು ರೂಢಿಯಾಗಿದೆ. ಎಲ್‌ಟಿ 225/75 ಆರ್16 ಗಾತ್ರದ, ಇ ಶ್ರೇಣಿಯ ಟಯರೊಂದು 1,215 ಕಿಲೋಗ್ರಾಂ ಹೊರಬಲ್ಲುದು. ನಾಲ್ಕು ಹಿಂಚಕ್ರಗಳಿಗೆ ಲೆಕ್ಕಹಾಕಿದರೆ 4,860 ಕಿಲೋಗ್ರಾಂ. ಹಾಗೆಂದು ಹಿಂಭಾಗಕ್ಕೆ ಅಷ್ಟು ಭಾರ ಹೇರಬಹುದೆಂದು ಅರ್ಥವಲ್ಲ. ತೋಳುಗಳು, ಬೇರಿಂಗುಗಳು, ಗಾಳಿಚೀಲಗಳು, ಬ್ರೇಕುಗಳು ಇವುಗಳಲ್ಲಿ ಅತ್ಯಂತ ದುರ್ಬಲವಾದುದು ಯಾವುದೋ ಅದರ ಮಿತಿಯೇ ವಾಹನದ ಮಿತಿ.

ವ್ಯಾನ್ ಕ್ಯಾಬಿನ್ನಿನ ಜೋಡಣೆ

ಮೋಟಾರ್‌ಹೋಮ್‌ನ ಮುಂಭಾಗವನ್ನೇ ಉಳಿಸಿಕೊಂಡು ಹಿಂಭಾಗವನ್ನು ಮಾತ್ರ ಕತ್ತರಿಸುವವರೂ ಇದ್ದಾರೆ. ಅದರ ಕವಚ ಅಲ್ಯೂಮಿನಿಯಂ ಚೌಕಟ್ಟು ಮತ್ತು ಫೈಬರ್‌ಗ್ಲಾಸ್ ಹಲಗೆಗಳಿಂದಾದದ್ದು; ದುರಸ್ತಿ ಬಗೆಹರಿಯದಷ್ಟು ಹಾಳಾಗಿದ್ದರೆ ವ್ಯಾನ್ ಕ್ಯಾಬಿನ್ ಅನಿವಾರ್ಯವಾಗುತ್ತದೆ. ಎಂಜಿನ್ ಚಾಲಕನ ಸಮೀಪದಲ್ಲಿಯೇ, ನೆಲದ ಮುಚ್ಚಳದ ಕೆಳಗೆ ಇರುವುದರಿಂದ, ಎಂಜಿನ್ ಪೆಟ್ಟಿಗೆ ಆಸನಗಳ ನಡುವೆಯೇ ಇದ್ದ 1961–67ರ ಫೋರ್ಡ್ ಇಕೊನೊಲೈನ್‌ನಂಥ ಮೊಂಡುಮೂಗಿನ ಹಳೆಯ ವ್ಯಾನ್‌ಗಳು ಆಕಾರದಲ್ಲಿ ಇದಕ್ಕೆ ಹೊಂದುತ್ತವೆ.

ವ್ಯಾನನ್ನು ಕತ್ತರಿಸುವ ಮುನ್ನ ಅದರ ರಚನೆಯನ್ನು ತಿಳಿಯಬೇಕು. 1971ರಿಂದ 1995ರವರೆಗಿನ ಷೆವರ್ಲೆ ವ್ಯಾನ್ ಹಾಗೂ ಡಾಜ್‌ನ ಬಿ ಸರಣಿಯ ವ್ಯಾನ್‌ಗಳಲ್ಲಿ ಪ್ರತ್ಯೇಕ ಚಾಸಿಯಿಲ್ಲ, ಕವಚವೇ ಚೌಕಟ್ಟು. 1975ರಿಂದೀಚಿನ ಇಕೊನೊಲೈನ್‌ನಲ್ಲಿ ಚಾಸಿ ಬೇರೆ, ಕವಚ ಬೇರೆ. ಮೊದಲ ಬಗೆಯ ವ್ಯಾನನ್ನು ಮುಂಬಾಗಿಲ ಹಿಂದೆ ಕತ್ತರಿಸಿದ ಕೂಡಲೇ ಅದು ತಳವಿಲ್ಲದ ರಟ್ಟಿನ ಪೆಟ್ಟಿಗೆಯಂತೆ ಸಡಿಲವಾಗುತ್ತದೆ. ಬಾಗಿಲುಗಳು ಮತ್ತೆ ಸರಿಯಾಗಿ ಮುಚ್ಚದಂತಾದರೆ ಕಾರಣ ಇದೇ. ಕತ್ತರಿಸುವ ಮೊದಲೇ ಬಾಗಿಲ ಕಂಬಗಳ ನಡುವೆ ಅಡ್ಡಲಾಗಿಯೂ ಕರ್ಣದ ಉದ್ದಕ್ಕೂ ಕಬ್ಬಿಣದ ಕೊಳವೆಗಳನ್ನು ಬೆಸೆದು ಆಕಾರವನ್ನು ಬಿಗಿಹಿಡಿಯಬೇಕು, ಹಿಂಬದಿಯ ಗೋಡೆಯನ್ನು ಕಟ್ಟಿ ಛಾವಣಿ, ಕಂಬ, ನೆಲ ಮೂರಕ್ಕೂ ಬೆಸೆದ ನಂತರವಷ್ಟೇ ಆ ಕೊಳವೆಗಳನ್ನು ತೆಗೆಯಬೇಕು. ಹಿಂಬದಿಯ ಗೋಡೆ ಕೇವಲ ಗಾಳಿಮಳೆಗೆ ತಡೆಯಲ್ಲ. ಕಟ್ಟು ಬಿಚ್ಚಿದ ಕಾರು ಮುಂದಕ್ಕೆ ನುಗ್ಗಿದರೆ ಚಾಲಕನಿಗೂ ಅದಕ್ಕೂ ನಡುವೆ ಇರುವುದು ಅದೊಂದೇ. ಆದ್ದರಿಂದ ಅದರ ಹಿಂದೆ ಚಾಸಿಗೇ ಭದ್ರಪಡಿಸಿದ ದಪ್ಪ ಕಬ್ಬಿಣದ ತಡೆಗಟ್ಟನ್ನೂ ನಿಲ್ಲಿಸುವುದುಂಟು.

ಕ್ಯಾಬಿನ್ನನ್ನು ಚಾಸಿಗೆ ನೇರವಾಗಿ ಬೆಸೆಯದೆ ರಬ್ಬರ್ ದಿಂಡುಗಳ ಮೇಲೆ ಬೋಲ್ಟ್‌ಗಳಿಂದ ಕೂರಿಸಲಾಗುತ್ತದೆ. ಚಾಸಿ ತಿರುಚಿದಾಗ ಆ ತಿರುಚು ಕ್ಯಾಬಿನ್ನಿಗೆ ಹಾಯದಿರಲಿ ಎಂಬುದು ಇದರ ಉದ್ದೇಶ. ಸ್ಟಿಯರಿಂಗ್ ದಂಡ, ಪೆಡಲುಗಳು, ವೈರಿಂಗ್, ರೇಡಿಯೇಟರಿಗೆ ಗಾಳಿಯ ದಾರಿ ಇವುಗಳನ್ನು ಹೊಸದಾಗಿ ಹೊಂದಿಸುವುದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಹೊರಗಿನಿಂದ ನೋಡುವವರಿಗೆ ಹಾಸಿನ ಕೆಲಸವೇ ದೊಡ್ಡದಾಗಿ ಕಂಡರೂ ಸಮಯವನ್ನು ನುಂಗುವುದು ಈ ಸಣ್ಣ ಕೆಲಸಗಳು.

ಚಾಸಿ, ಹಾಸು ಮತ್ತು ಬೆಸುಗೆ

ಚಾಸಿಯ ತೊಲೆಗಳಲ್ಲಿ ಮೊದಲು ನೋಡಬೇಕಾದುದು ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಉತ್ತರದ ರಾಜ್ಯಗಳ ವಾಹನಗಳಿಗಿಂತ ಒಣಹವೆಯ ನೈಋತ್ಯ ರಾಜ್ಯಗಳ ವಾಹನಗಳಿಗೆ ಬೆಲೆ ಹೆಚ್ಚು. ಮೂಲೆಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿದರೆ ಗಟ್ಟಿ ಲೋಹದ ನಾದಕ್ಕೂ ಕೊಳೆತ ಲೋಹದ ಮಂಕು ಸದ್ದಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ.

ಮನೆಯ ಭಾಗವನ್ನು ತೆಗೆದಾಗ ಅದು ಕೊಡುತ್ತಿದ್ದ ಬಿಗಿಯೂ ಹೋಗುತ್ತದೆ. ಒಂದು ಬದಿ ತೆರೆದಿರುವ ಚಾನಲ್ ಆಕಾರದ ತೊಲೆ ಬಾಗುವಿಕೆಯನ್ನು ಚೆನ್ನಾಗಿ ತಡೆಯುತ್ತದೆ, ತಿರುಚುವಿಕೆಯನ್ನು ತಡೆಯಲಾರದು. ನಾಲ್ಕೂ ಬದಿ ಮುಚ್ಚಿದ ಪೆಟ್ಟಿಗೆ ಆಕಾರದ್ದು ಎರಡನ್ನೂ ತಡೆಯುತ್ತದೆ. ಹೀಗಾಗಿ ಹಾಸಿನ ಕೆಳಗೆ ಮುಚ್ಚಿದ ಕೊಳವೆಗಳ ಅಡ್ಡತೊಲೆಗಳನ್ನು ಹಾಕಲಾಗುತ್ತದೆ. ತೊಲೆಗೆ ರಂಧ್ರ ಕೊರೆಯುವುದಾದರೆ ನಿಂತ ಮುಖದಲ್ಲಿಯೇ ಕೊರೆಯಬೇಕು. ಮೇಲಿನ ಮತ್ತು ಕೆಳಗಿನ ಅಂಚುಗಳು ಬಾಗುವಾಗ ಹೆಚ್ಚಿನ ಎಳೆತಕ್ಕೆ ಒಳಗಾಗುವುದರಿಂದ ಅಲ್ಲಿ ಕೊರೆದ ರಂಧ್ರ ಬಿರುಕಿಗೆ ಬೀಜವಾಗುತ್ತದೆ. ತೊಲೆಯನ್ನು ಉದ್ದಗೊಳಿಸಿ ಬೆಸೆದ ಕಡೆ ಬಲವರ್ಧನೆಗೆ ಹಾಕುವ ತಗಡಿನ ತುದಿಗಳನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸುವುದಕ್ಕೂ ಇದೇ ಕಾರಣ: ಭಾರ ಒಂದೇ ಗೆರೆಯಲ್ಲಿ ಒಮ್ಮೆಗೇ ಬೀಳದೆ ಹಂತಹಂತವಾಗಿ ಹರಡಬೇಕು. ಬೆಸುಗೆಗೆ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ ಇಂಧನದ ತೊಟ್ಟಿಗಳನ್ನು ಕಳಚಿ ದೂರವಿಡಬೇಕು. ಖಾಲಿಯಾದ ಪೆಟ್ರೋಲ್ ತೊಟ್ಟಿ ತುಂಬಿದ ತೊಟ್ಟಿಗಿಂತ ಅಪಾಯಕಾರಿ, ಏಕೆಂದರೆ ಅದರೊಳಗೆ ಉಳಿದಿರುವುದು ಗಾಳಿಯೊಡನೆ ಬೆರೆತ ಆವಿ.

ಹಾಸನ್ನು ಸಾಮಾನ್ಯವಾಗಿ ಪೂರ್ತಿ ಮುಚ್ಚದೆ, ಕಾರಿನ ಚಕ್ರಗಳು ಹಾಯುವಷ್ಟು ಅಗಲದ ಎರಡು ಪಥಗಳನ್ನು ಮಾತ್ರ ಜಾರದ ಮೇಲ್ಮೈಯ ತಗಡಿನಿಂದ ಮಾಡಿದರೆ ಭಾರ ಉಳಿಯುತ್ತದೆ. ರ‍್ಯಾಂಪಿನ ಉದ್ದವನ್ನು ಹಾಸಿನ ಎತ್ತರ ನಿರ್ಧರಿಸುತ್ತದೆ. 50 ಸೆಂಟಿಮೀಟರ್ ಎತ್ತರಕ್ಕೆ 2.5 ಮೀಟರ್ ಉದ್ದದ ರ‍್ಯಾಂಪ್ ಹಾಕಿದರೆ ಓರೆ ಸುಮಾರು 11.5 ಡಿಗ್ರಿ. ಎತ್ತರ 85 ಸೆಂಟಿಮೀಟರ್ ಆದರೆ ಅದೇ ಓರೆಗೆ 4.25 ಮೀಟರ್ ಬೇಕು. ತಗ್ಗಾದ ಪಂದ್ಯದ ಕಾರುಗಳ ಹೊಟ್ಟೆ ರ‍್ಯಾಂಪ್ ಮುಗಿದು ಹಾಸು ಆರಂಭವಾಗುವ ಅಂಚಿಗೆ ತಗಲುವುದು ಸಾಮಾನ್ಯವಾದ್ದರಿಂದ ಇನ್ನೂ ಕಡಿಮೆ ಓರೆಯನ್ನು ಬಯಸುವವರೇ ಹೆಚ್ಚು. ಗಾಳಿ ಬಿಟ್ಟು ಬಾಲ ತಗ್ಗಿಸುವ ಸೌಕರ್ಯ ಇಲ್ಲಿಯೇ ತನ್ನ ಬೆಲೆಯನ್ನು ತೋರಿಸುವುದು.

ಕಾರು ಹತ್ತಿಸುವುದು ಮತ್ತು ಕಟ್ಟುವುದು

ಕಾರು ಹತ್ತಿಸುವ ಕೆಲವು ನಿಮಿಷಗಳಲ್ಲಿ ಭಾರ ವಿಚಿತ್ರವಾಗಿ ಓಡಾಡುತ್ತದೆ. ಕಾರು ಪೂರ್ತಿಯಾಗಿ ಹಾಸಿನ ಬಾಲವನ್ನೇರಿ, ಅದರ ಗುರುತ್ವಕೇಂದ್ರ ಜೋಡಿಚಕ್ರಗಳ ಮಧ್ಯಬಿಂದುವಿನಿಂದ 1.5 ಮೀಟರ್ ಹಿಂದಿರುವ ಕ್ಷಣದಲ್ಲಿ, ಮೇಲಿನ ಲೆಕ್ಕದ ಪ್ರಕಾರ ಮುಂಚಕ್ರಗಳಿಂದ ಸುಮಾರು 440 ಕಿಲೋಗ್ರಾಂ ಭಾರ ಮೇಲೆದ್ದಿರುತ್ತದೆ. ಈ ಕ್ಷಣದಲ್ಲಿ ಒಂದು ಅಪಾಯ ಅಡಗಿದೆ. ಸ್ವಯಂಚಾಲಿತ ಗೇರನ್ನು ‘ಪಾರ್ಕ್’ ಸ್ಥಾನಕ್ಕೆ ಹಾಕಿದರೆ ವಾಹನ ಕದಲದೆಂದು ಚಾಲಕರು ನಂಬಿರುತ್ತಾರೆ. ಆದರೆ ಮುಂಚಕ್ರ ಚಾಲನೆಯ ವಾಹನದಲ್ಲಿ ಆ ಬೀಗ ಹಿಡಿಯುವುದು ಮುಂಚಕ್ರಗಳನ್ನು ಮಾತ್ರ. ಭಾರ ಕಳೆದುಕೊಂಡು ಹಿಡಿತ ಸಡಿಲವಾಗಿರುವ ಚಕ್ರಗಳೂ ಅವೇ! ಆದ್ದರಿಂದ ಹಿಂಚಕ್ರಗಳ ಮೇಲೆ ಕೆಲಸ ಮಾಡುವ ಕೈಬ್ರೇಕು ಸುಸ್ಥಿತಿಯಲ್ಲಿರಬೇಕು, ಚಕ್ರಗಳಿಗೆ ಅಡೆಗಟ್ಟೆ ಇಡಬೇಕು, ಹಾಸಿನ ಬಾಲದ ಕೆಳಗೆ ನೆಲಕ್ಕೆ ಊರುವ ಎರಡು ಕಾಲುಗಳನ್ನು ಇಳಿಸಬೇಕು. ಕಾಲುಗಳು ಊರಿದ ಮೇಲೆ ವಾಹನದ ಮುಂಭಾಗ ಎದ್ದೇಳುವ ಪ್ರಶ್ನೆಯೇ ಉಳಿಯುವುದಿಲ್ಲ. ಕಾರನ್ನು ಅದರ ಎಂಜಿನ್ ಬಲದಿಂದ ಓಡಿಸಿ ಹತ್ತಿಸುವುದಕ್ಕಿಂತ ವಿಂಚ್‌ನಿಂದ ನಿಧಾನವಾಗಿ ಎಳೆಯುವುದು ಸುರಕ್ಷಿತ. ವಿಂಚ್ ಎಳೆಯುವ ಸಾಧನವೇ ಹೊರತು ಕಟ್ಟುವ ಸಾಧನವಲ್ಲ. ಪ್ರಯಾಣದಲ್ಲಿ ಕಾರನ್ನು ವಿಂಚಿನ ತಂತಿಯ ಭರವಸೆಯ ಮೇಲೆ ಬಿಡಲಾಗದು.

ಅಮೆರಿಕದಲ್ಲಿ ವಾಣಿಜ್ಯ ವಾಹನಗಳಿಗೆ ಅನ್ವಯಿಸುವ ಒಕ್ಕೂಟ ಸರ್ಕಾರದ ನಿಯಮಗಳ ಪ್ರಕಾರ, 10,000 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ತೂಕದ ವಾಹನವನ್ನು ಸಾಗಿಸುವಾಗ ಅದನ್ನು ಮುಂದೆಯೂ ಹಿಂದೆಯೂ ಬಂಧಿಸಬೇಕು, ಒಟ್ಟಿಗೆ ಕನಿಷ್ಠ ಎರಡು ಕಟ್ಟುಗಳಿರಬೇಕು. ಸರಕಿನ ಕಟ್ಟುವಿಕೆ ಮುಂದಕ್ಕೆ ಗುರುತ್ವದ 0.8ರಷ್ಟು, ಹಿಂದಕ್ಕೆ ಮತ್ತು ಪಕ್ಕಕ್ಕೆ 0.5ರಷ್ಟು ಬಲವನ್ನು ತಡೆಯಬೇಕೆಂಬುದೂ ಅದೇ ನಿಯಮಾವಳಿಯಲ್ಲಿದೆ. 1,200 ಕಿಲೋಗ್ರಾಂ ಕಾರಿಗೆ ಇದನ್ನು ಅನ್ವಯಿಸಿದರೆ, ಹಠಾತ್ತನೆ ಬ್ರೇಕ್ ಒತ್ತಿದಾಗ ಕಟ್ಟುಗಳು 960 ಕಿಲೋಗ್ರಾಂ ತೂಕಕ್ಕೆ ಸಮನಾದ ಎಳೆತವನ್ನು ತಾಳಬೇಕಾಗುತ್ತದೆ. ವೈಯಕ್ತಿಕ ಹವ್ಯಾಸಕ್ಕೆ ಮಾತ್ರ ಬಳಸುವವರು ಈ ನಿಯಮದ ಹಿಡಿತದಿಂದ ಹೊರಗಿರಬಹುದು. ಭೌತವಿಜ್ಞಾನದ ನಿಯಮದಿಂದ ಹೊರಗಿರುವವರು ಯಾರೂ ಇಲ್ಲವಾದ್ದರಿಂದ ನಾಲ್ಕು ಮೂಲೆಗಳಲ್ಲಿಯೂ ಒಂದೊಂದು ಕಟ್ಟು ಹಾಕುವುದೇ ಅನುಭವಸ್ಥರ ಪದ್ಧತಿ. ಕಟ್ಟುಪಟ್ಟಿಗಳ ಕೊಂಡಿಗಳು ಹಾಸಿನ ತಗಡಿಗಲ್ಲ, ಅದರ ಕೆಳಗಿನ ತೊಲೆಗೆ ಬೆಸೆದಿರಬೇಕು. ಕಾರಿನ ಚಕ್ರಗಳನ್ನೇ ಬಂಧಿಸಿದರೆ ಕಾರು ತನ್ನ ಸ್ಪ್ರಿಂಗುಗಳ ಮೇಲೆ ಆಡಿದರೂ ಕಟ್ಟು ಸಡಿಲವಾಗುವುದಿಲ್ಲ.

ಮುಗಿದ ವಾಹನವನ್ನು ದೂರಪ್ರಯಾಣಕ್ಕೆ ಒಯ್ಯುವ ಮುನ್ನ ವೇಬ್ರಿಡ್ಜ್‌ನಲ್ಲಿ ಎರಡು ಬಾರಿ, ಖಾಲಿಯಾಗಿಯೂ ಕಾರಿನೊಂದಿಗೂ, ಮುಂಚಕ್ರ ಮತ್ತು ಹಿಂಚಕ್ರಗಳ ಭಾರವನ್ನು ಬೇರೆಬೇರೆಯಾಗಿ ತೂಗಿಸಲಾಗುತ್ತದೆ. ಮೊದಲ ನೂರಾರು ಕಿಲೋಮೀಟರ್‌ಗಳ ನಂತರ ಬೋಲ್ಟ್‌ಗಳನ್ನು ಮತ್ತೆ ಬಿಗಿಗೊಳಿಸಿ ಬೆಸುಗೆಗಳಲ್ಲಿ ಬಿರುಕುಗಳನ್ನು ಹುಡುಕುವುದು ಅಗತ್ಯ. ಮುಂಚಕ್ರಗಳ ಬೇರಿಂಗುಗಳು ಮೂಲತಃ ಕಾರಿನ ಪರಂಪರೆಯವಾದ್ದರಿಂದ ಅವುಗಳಿಗೆ ಕಾಲಕಾಲಕ್ಕೆ ಗ್ರೀಸ್ ಹಾಕುವ ಕೆಲಸವನ್ನು ತಪ್ಪಿಸುವಂತಿಲ್ಲ.

ಇತರ ಚಾಸಿಗಳು

1963ರಲ್ಲಿ ಬಂದ ಕ್ಲಾರ್ಕ್ ಕೊರ್ಟೆಜ್ ಕೂಡ ಮುಂಚಕ್ರ ಚಾಲನೆಯ ಅಮೆರಿಕನ್ ಮೋಟಾರ್‌ಹೋಮ್. ಫ್ರಾನ್ಸಿನಲ್ಲಿ ಪಿಯರ್ ಟಿಸಿಯೆ ಎಂಬ ನಿರ್ಮಾಪಕನು ಸಿಟ್ರೋಯೆನ್ ಡಿಎಸ್ ಮತ್ತು ಸಿಎಕ್ಸ್ ಕಾರುಗಳನ್ನು ಉದ್ದಗೊಳಿಸಿ, ಹಿಂದೆ ಹೆಚ್ಚಿನ ಚಕ್ರಗಳನ್ನು ಜೋಡಿಸಿ ಕಾರುವಾಹಕಗಳನ್ನು ತಯಾರಿಸಿದನು. ಅಲ್ಲಿಯೂ ಮುಂಚಕ್ರ ಚಾಲನೆಯೇ ತಗ್ಗಾದ ಹಾಸನ್ನು ಸಾಧ್ಯವಾಗಿಸಿತು. ಹಿಂಚಕ್ರ ಚಾಲನೆಯ ಸಾಮಾನ್ಯ ಮೋಟಾರ್‌ಹೋಮ್ ಚಾಸಿಗಳು ಸುಲಭವಾಗಿ ದೊರೆಯುತ್ತವೆ, ಬಿಡಿಭಾಗಗಳೂ ಅಗ್ಗ, ಹಿಂದೆ ಬಿದ್ದ ಭಾರ ಅಲ್ಲಿ ಹಿಡಿತವನ್ನು ಹೆಚ್ಚಿಸುತ್ತದೆ. ಹಾಸು ಮಾತ್ರ ಎತ್ತರದಲ್ಲಿರುತ್ತದೆ.

ನೋಂದಣಿ ಮತ್ತು ಕಾನೂನು

ಎರಡು ವಾಹನಗಳನ್ನು ಕೂಡಿಸಿ ಒಂದು ಮಾಡಿದಾಗ ಅದರ ಗುರುತು ಯಾವುದೆಂಬ ಪ್ರಶ್ನೆ ಏಳುತ್ತದೆ. ಅಮೆರಿಕದಲ್ಲಿ ಇದರ ವಿಧಿವಿಧಾನ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ವಾಹನದ ಗುರುತುಸಂಖ್ಯೆಯ ಫಲಕವನ್ನು ಅಕ್ರಮವಾಗಿ ಕೀಳುವುದು ಅಥವಾ ತಿದ್ದುವುದು ಒಕ್ಕೂಟದ ಕಾನೂನಿನಡಿ ಅಪರಾಧ. ಎರಡೂ ವಾಹನಗಳ ಒಡೆತನದ ಕಾಗದಪತ್ರಗಳನ್ನೂ ಕೆಲಸದ ಹಂತಗಳ ಛಾಯಾಚಿತ್ರಗಳನ್ನೂ ಜೋಪಾನವಾಗಿಟ್ಟುಕೊಂಡು, ಚಾಸಿಯನ್ನು ಕತ್ತರಿಸುವ ಮೊದಲೇ ಸ್ಥಳೀಯ ನೋಂದಣಿ ಕಚೇರಿಯಲ್ಲಿ ವಿಚಾರಿಸುವುದು ಜಾಣತನ. ವಿಮೆಯ ಮಾತೂ ಹಾಗೆಯೇ.

ಭಾರತದಲ್ಲಿ ಸ್ಥಿತಿ ಬೇರೆ. ತಯಾರಕರು ಬರಿಯ ಚಾಸಿಯಾಗಿ ಮಾರುವ ಲಾರಿಗೆ ಹೊರಗಿನ ಕಾರ್ಖಾನೆಯಲ್ಲಿ ಬಾಡಿ ಕಟ್ಟಿಸುವುದು ಕರ್ನಾಟಕವೂ ಸೇರಿದಂತೆ ಎಲ್ಲೆಡೆ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಆದರೆ ಒಮ್ಮೆ ನೋಂದಣಿಯಾದ ವಾಹನವನ್ನು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೇ ಪ್ರಕರಣ ನಿಷೇಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಕಾಯಿದೆಯಲ್ಲಿ ಹೇಳಿದ ಸೀಮಿತ ಬದಲಾವಣೆಗಳಿಗೂ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು.